ಮರೆತವರ ಸೇವೆ

“ನಾನು ಬಂದುದೇ ಅವರ ನೆನಪಿನಲ್ಲಿ ಉಳಿಯುವುದಿಲ್ಲ, ಹೋಗಿ ಕುಳಿತರೆ ಫಲವೇನು?” ವೃದ್ಧಾಪ್ಯದಲ್ಲಿ ಸ್ಮರಣೆಯನ್ನು ಕಳೆದುಕೊಂಡ ತಾಯಿತಂದೆಗಳನ್ನು ಕುರಿತು ಅನೇಕ ಸದ್ಗೃಹಸ್ಥರು ಕೇಳುವ ಪ್ರಶ್ನೆಯಿದು. ಕೇಳುವವರೆಲ್ಲರೂ ನಿರ್ದಯರೆಂದು ತಿಳಿಯಬಾರದು. ಬೆಳಗಿನಿಂದ ಒಂದೇ ಪ್ರಶ್ನೆಗೆ ಹತ್ತು ಬಾರಿ ಉತ್ತರ ಕೊಟ್ಟು, ಕೊನೆಗೆ “ನೀ ಯಾರಪ್ಪಾ?” ಎಂದು ಹೆತ್ತವಳ ಬಾಯಿಂದಲೇ ಕೇಳಿಸಿಕೊಂಡ ಮಗನು ನೊಂದು ಆಡಿದ ಮಾತದು. ಆದುದರಿಂದ ಗದರಿಸಿ ತಳ್ಳಿಹಾಕದೆ ವಿಚಾರಿಸಿ ನೋಡಬೇಕು.

ಶರಣರ ಪರಿಭಾಷೆಯಲ್ಲಿ ಅರಿವು, ಮರೆವು ಎಂಬ ಎರಡು ಶಬ್ದಗಳುಂಟು. ಅಲ್ಲಿ ಮರೆವೆಂದರೆ ತನ್ನ ನಿಜವನ್ನು ತಿಳಿಯದೆ ವಿಷಯಗಳಲ್ಲಿ ಮುಳುಗಿರುವುದು. ಸಾಧನೆಯಿಂದ ನೀಗಬೇಕಾದ ದೋಷವದು. ವೃದ್ಧರಿಗೆ ಬರುವ ಈ ಮರೆವು ಅದಲ್ಲ. ಇದು ಮಿದುಳಿನ ರೋಗ. ಇದರ ಒಂದು ಬಗೆಯನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ೧೯೦೬ರಲ್ಲಿ ವಿವರಿಸಿದನು. ೨೦೨೩ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರುವತ್ತು ದಾಟಿದವರ ಪೈಕಿ ಸುಮಾರು ೮೮ ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆಲ್ಝೈಮರ್ ರೋಗದಲ್ಲಿ ಹೊಸ ಸಂಗತಿಯನ್ನು ನೆನಪಿಗೆ ಸೇರಿಸುವ ಮಿದುಳಿನ ಭಾಗವು ಮೊದಲಿಗೇ ಕೆಡುವುದರಿಂದ ಈಗ ಕೇಳಿದ ಉತ್ತರ ನಿಲ್ಲದು. ಬಾಲ್ಯದ ಸಂಗತಿಗಳು ಬಹುಕಾಲ ಉಳಿಯುವುವು. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಕೆಲವು ಜೀವಸತ್ತ್ವಗಳ ಕೊರತೆಯಿಂದಲೂ ಮರೆವುಂಟಾಗಬಹುದಾಗಿದ್ದು, ಅಂಥದಕ್ಕೆ ಚಿಕಿತ್ಸೆಯಿದೆ. ಆದಕಾರಣ ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸುವುದು ಮೊದಲ ಕರ್ತವ್ಯ. “ಲಿಂಗಪೂಜೆಯನ್ನೂ ಮರೆತಳು” ಎಂದು ಮುದುಕಿಯನ್ನು ಆಕ್ಷೇಪಿಸುವುದು, ಜ್ವರ ಬಂದವನನ್ನು ಮೈ ಬಿಸಿಯಾಯಿತೆಂದು ಬೈದಂತೆ.

ಇನ್ನು ಫಲದ ಮಾತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲಚ್ಚಿತ್ರಗಳ ತುಣುಕುಗಳನ್ನು ತೋರಿಸಿ ಪರೀಕ್ಷಿಸಿದ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು. ಕಂಡ ದೃಶ್ಯಗಳನ್ನು ರೋಗಿಗಳು ಬಹುಮಟ್ಟಿಗೆ ಮರೆತಿದ್ದರು. ಆದರೆ ಅವುಗಳಿಂದಾದ ದುಃಖವೂ ಸಂತೋಷವೂ ಆ ಮೇಲೂ ಅವರಲ್ಲಿ ಉಳಿದಿದ್ದುವು. ಹಾಗಿದ್ದಲ್ಲಿ ಮಗನು ಬಂದುದು ಮರೆತುಹೋದರೂ ಅವನು ತಂದ ಸಮಾಧಾನ ಕೆಲಹೊತ್ತು ನಿಲ್ಲಬಹುದು. ಸಿಡುಕಿದುದು ಮರೆತುಹೋದರೂ ಸಿಡುಕಿನ ನೋವೂ ಹಾಗೆಯೇ ನಿಲ್ಲಬಹುದು. ಇದನ್ನು ಬಲ್ಲವನು ಫಲವಿಲ್ಲವೆಂದು ಹೇಳಬಹುದೆ?

ಫಲವೇ ಕಾಣದಿದ್ದರೂ ದಾಸೋಹದ ಮಾತು ಬೇರೆ. ನೀಡುವವನು “ನಾನು ನೀಡಿದೆ” ಎಂಬುದನ್ನು ಬಿಡಬೇಕೆಂದು ನಾವು ಕಲಿತಿದ್ದೇವೆ. ಆದರೂ ಉಂಡವರು ನೆನೆಯಲೆಂಬ ಆಸೆಯೊಂದು ಒಳಗೆ ಅಡಗಿಯೇ ಇರುತ್ತದೆ. ಮರೆತವರ ಸೇವೆಯಲ್ಲಿ ಆ ಆಸೆಗೆ ನೆಲೆಯಿಲ್ಲ. ಹೊಗಳುವವರಿಲ್ಲ, ಲೆಕ್ಕವಿಡುವವರಿಲ್ಲ. ನಮ್ಮ ದಾಸೋಹ ನಿಜವೋ ಅಲ್ಲವೋ ಎಂಬುದು ಇಲ್ಲಿ ತಿಳಿಯುವಂತೆ ಬೇರೆಡೆ ತಿಳಿಯದು.

ಇಲ್ಲಿ ಸತ್ಯನಿಷ್ಠರಿಗೊಂದು ಸಂದೇಹ ಬರುವುದು. ಎಂದೋ ಲಿಂಗೈಕ್ಯರಾದ ಪತಿಯನ್ನು ನೆನೆದು “ನಿಮ್ಮಪ್ಪ ಹೊಲದಿಂದ ಬಂದರೇನು?” ಎಂದು ತಾಯಿ ಕೇಳಿದರೆ ಏನು ಹೇಳಬೇಕು? ಬರುತ್ತಾರೆಂದರೆ ಹುಸಿ. ತೀರಿಕೊಂಡರೆಂದರೆ ಆಕೆಗೆ ಅದು ಹೊಸ ಸುದ್ದಿ; ಕೇಳಿದಷ್ಟು ಬಾರಿಯೂ ಹೊಸ ವೈಧವ್ಯ. ಆದರೆ ಈ ಎರಡರ ನಡುವೆ ದಾರಿಯಿದೆ. “ಅಪ್ಪನ ನೆನಪಾಯಿತೇನವ್ವಾ? ಅವರು ಹೊಲದಿಂದ ಬಂದರೆ ಮೊದಲು ಏನು ಕೇಳುತ್ತಿದ್ದರು?” ಎಂದರೆ ಹುಸಿಯನ್ನಾಡಿದಂತೆಯೂ ಇಲ್ಲ, ಇರಿದಂತೆಯೂ ಇಲ್ಲ. ಆಕೆ ಹುಡುಕುತ್ತಿರುವುದು ಸುದ್ದಿಯನ್ನಲ್ಲ, ಜೊತೆಯನ್ನು. ಅದನ್ನು ಕೊಟ್ಟರೆ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಂತಾಯಿತು.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಅನೇಕ ಮನೆಗಳಲ್ಲಿ ಈ ಸೇವೆಯೆಲ್ಲ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲಿಗೆ ಬೀಳುತ್ತದೆ. ಉಳಿದವರು ಹಬ್ಬಕ್ಕೆ ಬಂದು ಬುದ್ಧಿ ಹೇಳಿ ಹೋಗುತ್ತಾರೆ. ರಾತ್ರಿಯೆಲ್ಲ ಎದ್ದಿದ್ದವಳು ಹಗಲಿನಲ್ಲಿ ಒಮ್ಮೆ ಸಿಡುಕಿದರೆ ಅವಳ ಭಕ್ತಿಯನ್ನು ಅಳೆಯಲು ಇವರಿಗೆ ಅಧಿಕಾರವೆಲ್ಲಿಯದು? ತಾಯಿತಂದೆಗಳ ಪೋಷಣೆಗಾಗಿ ೨೦೦೭ರಲ್ಲಿ ಆದ ಕಾನೂನು ಮಕ್ಕಳಿಂದ ಜೀವನಾಂಶವನ್ನು ಕೊಡಿಸಬಲ್ಲುದು. ಪಕ್ಕದಲ್ಲಿ ಕುಳಿತುಕೊಳ್ಳುವಂತೆ ಮಾಡಲಾರದು. ಅದು ನಾವಾಗಿಯೇ ಮಾಡಬೇಕಾದುದು.

ಆದುದರಿಂದ ಭಕ್ತಬಾಂಧವರು ವಾರಕ್ಕೊಂದು ಹೊತ್ತನ್ನಾದರೂ ಹಂಚಿಕೊಳ್ಳಲಿ. ವಿಶೇಷವಾಗಿ ಸಂಜೆ ಹೋಗಲಿ. ಇಂಥವರಲ್ಲಿ ಅನೇಕರಿಗೆ ಕಳವಳ ಹೆಚ್ಚುವುದು ಆ ಹೊತ್ತಿನಲ್ಲಿ. “ನಾನು ಯಾರು, ಹೇಳು ನೋಡೋಣ” ಎಂದು ಪರೀಕ್ಷಿಸದೆ, ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಕುಳಿತುಕೊಳ್ಳಲಿ. ಅವರೆಕಾಯಿಯನ್ನು ಮುಂದಿಟ್ಟರೆ, ಹೆಸರುಗಳನ್ನು ಮರೆತವರ ಕೈಬೆರಳುಗಳೂ ಸುಲಿಯುವುದನ್ನು ಮರೆತಿರುವುದಿಲ್ಲ. ಹಾಗೆಯೇ ಹಣೆಗೆ ವಿಭೂತಿಯನ್ನು ಧರಿಸಿ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿದರೆ, ಜೀವಮಾನವೆಲ್ಲ ಪೂಜಿಸಿದ ಕೈ ಎಷ್ಟೋ ವೇಳೆ ತಾನಾಗಿಯೇ ನಿಲ್ಲುವುದು. ಪೂಜೆ ಮುಗಿದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಶಿವದಾರವನ್ನು ಅವರ ಕೊರಳಿಗೆ ಹಾಕುವುದು ಜೊತೆಯಲ್ಲಿ ಕುಳಿತವರ ಕೆಲಸ.