ಹಾಡಿನ ಒಡೆತನ

ಹೊಲವನ್ನು ಉತ್ತು ಬೆಳೆದವನಿಗೆ ಬೆಳೆಯ ಮೇಲೆ ಹಕ್ಕುಂಟೆಂಬುದನ್ನು ಲೋಕವು ಒಪ್ಪುವುದು. ಹಾಡನ್ನು ಕಟ್ಟಿದವನಿಗೆ ಹಾಡಿನ ಮೇಲೆ ಅಂತಹ ಹಕ್ಕುಂಟೆ? ಉಂಟಾದರೆ ಅದನ್ನು ಮಾರಬಹುದೆ? ಈ ಪ್ರಶ್ನೆಯು ಮೇಲುನೋಟಕ್ಕೆ ವಕೀಲರಿಗೆ ಸೇರಿದುದೆಂದು ತೋರಿದರೂ, ವಿಚಾರಿಸಿ ನೋಡಿದಲ್ಲಿ ಧರ್ಮಜಿಜ್ಞಾಸೆಯೇ ಆಗಿರುವುದು.

ಅಮೆರಿಕಾ ದೇಶದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕನು 1949ರಲ್ಲಿ ನ್ಯೂಜೆರ್ಸಿ ಪ್ರಾಂತದ ದುಡಿಮೆಗಾರರ ಮನೆಯಲ್ಲಿ ಹುಟ್ಟಿದವನು. ಮುಚ್ಚಿಹೋದ ಕಾರ್ಖಾನೆ, ಕೆಲಸ ಕಳೆದುಕೊಂಡ ಗೃಹಸ್ಥ, ಯುದ್ಧದಿಂದ ಮರಳಿ ನೆಲೆಗಾಣದ ಸಿಪಾಯಿ, ಇವರ ಬಾಳನ್ನು ತಾನೇ ಹಾಡಾಗಿ ಕಟ್ಟಿ, ಗಿಟಾರು ಮಿಡಿದು ಹಾಡಿ ಕೀರ್ತಿವಂತನಾದನು. 2021ರಲ್ಲಿ ಆತನು ತನ್ನ ಹಾಡುಗಳ ಹಕ್ಕನ್ನು ಸೋನಿ ಕಂಪೆನಿಗೆ ಮಾರಿದನು. ಬೆಲೆಯು ಸುಮಾರು 50 ಕೋಟಿ ಡಾಲರೆಂದು ವೃತ್ತಪತ್ರಿಕೆಗಳು ಬರೆದವು. ಬಡವರ ದುಃಖವು ಬಿಕರಿಯಾಯಿತೆಂದು ಹಳಿಯುವುದು ಸುಲಭ. ಆದರೆ ಆ ದುಃಖಕ್ಕೆ ಮಾತು ಕೊಟ್ಟ ಶ್ರಮವು ಆತನದೇ ಹೊರತು ಕದ್ದು ತಂದುದಲ್ಲ.

ಕನ್ನಡನಾಡಿನ ಪದ್ಧತಿಯು ಬೇರೆ. 19ನೆಯ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನವರು ಕಟ್ಟಿದ ಹಾಡುಗಳ ಕೊನೆಯಲ್ಲಿ ಬರುವ ಹೆಸರು ಅವರದಲ್ಲ, ಭೀಮೇಶಕೃಷ್ಣನದು. ಶಿಶುನಾಳದ ಷರೀಫರು (1819–1889) ತಮ್ಮ ಪದಗಳಿಗೆ ಇಟ್ಟುದು ಶಿಶುನಾಳಧೀಶನ ಅಂಕಿತ. ಕರ್ತೃವಿನ ಹೆಸರು ನಿಲ್ಲಬೇಕಾದೆಡೆಯಲ್ಲಿ ದೇವರ ಹೆಸರು ನಿಂತ ಮೇಲೆ ಆ ಹಾಡು ಯಾರ ಸ್ವತ್ತು? ಮನೆಯ ಹೆಂಗಸರು ಆರತಿಯ ಹೊತ್ತಿನಲ್ಲಿ ಅದನ್ನು ಹಾಡುವಾಗ ಯಾರ ಅಪ್ಪಣೆಯನ್ನೂ ಬೇಡಲಿಲ್ಲ.

ಇಲ್ಲೊಂದು ಆಕ್ಷೇಪವೇಳುವುದು. ಯಾರದೂ ಅಲ್ಲದುದರಿಂದ ಒಬ್ಬನು ಹಣ ಗಳಿಸುವುದು ನ್ಯಾಯವೆ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ಹೊರಬಂದ ತಮ್ಮ ಮೊದಲ ಗೀತಸಂಪುಟದಲ್ಲಿ ಸ್ವಂತ ರಚನೆಗಳೊಡನೆ ಷರೀಫರ ಪದಗಳನ್ನೂ ಸೇರಿಸಿದರು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಇಂಗ್ಲೆಂಡಿನ ಉತ್ಸವಗಳವರೆಗೂ ಅವನ್ನು ಒಯ್ದರು. ಕರ್ತೃವು ಗತಿಸಿ 60 ವರ್ಷಗಳಾದ ಮೇಲೆ ಈ ದೇಶದ ಕಾಯಿದೆಯು ಯಾರನ್ನೂ ತಡೆಯುವುದಿಲ್ಲ. ಕಾಯಿದೆ ತಡೆಯದಿದ್ದರೂ ಧರ್ಮವು ಒಂದು ಋಣವನ್ನು ಹೊರಿಸುವುದು. ಅಂಕಿತವನ್ನು ಅಳಿಸದೆ, ಅರ್ಥವನ್ನು ಕೆಡಿಸದೆ ಹಾಡುವುದೇ ಆ ಋಣ. ಸೋರುವ ಮಾಳಿಗೆಯ ಪದಕ್ಕೆ ಜನರು ಕುಣಿದರೆ ಅರ್ಥ ಕೆಟ್ಟಿತೆಂದು ಕೆಲವರು ಮುಖ ಸಿಂಡರಿಸುವುದುಂಟು. ಅದು ಸರಿಯಲ್ಲ. ಕೂಡ್ಲಿಗಿಯ ಕಡೆ ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರಿಗೆ, ಮಳೆಯ ರಾತ್ರಿಯಲ್ಲಿ ಪಾತ್ರೆಗಳನ್ನು ಸೋರುವೆಡೆಗೆ ಸರಿಸಿಟ್ಟವರಿಗೆ, ಆ ಮಾಳಿಗೆಯು ಮೊದಲು ಮಾಳಿಗೆಯೇ. ಶರೀರವೆಂಬ ತತ್ತ್ವಾರ್ಥವು ಆಮೇಲೆ ಬರುವುದು. ಕುಣಿದವನಿಗೂ ಎಂದಾದರೊಂದು ದಿನ ಅದು ಬಂದೀತು. ಷರೀಫರೂ ಪಂಡಿತರ ಸಭೆಯನ್ನು ನೆಚ್ಚಿ ಹಾಡಿದವರಲ್ಲ.

ಆದುದರಿಂದ ಹಾಡುವವರ ದೋಷಕ್ಕಿಂತ ಕೇಳುವವರ ದೋಷವನ್ನು ಕುರಿತು ಯೋಚಿಸುವುದು ಹೆಚ್ಚು ಅವಶ್ಯಕ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಅಕ್ಷರವನ್ನರಿಯದೆ ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಹಂಪೆಯ ಕನ್ನಡ ವಿಶ್ವವಿದ್ಯಾಲಯವು 2003ರಲ್ಲಿ ಅವರಿಗೆ ನಾಡೋಜ ಗೌರವವನ್ನಿತ್ತಿತು. 2014ರಲ್ಲಿ ಅವರು ತೀರಿಕೊಂಡರು. ಊರೂರು ಅಲೆದು ಬುರ್ರಕಥೆ ಹೇಳುವ ಕುಲದಲ್ಲಿ ಹುಟ್ಟಿದ ಅವರಂತಹವರಿಗೆ ಹಾಡೇ ಹೊಲ, ಹಾಡೇ ಬೆಳೆ. ಅಂತಹವರ ವಿಷಯದಲ್ಲಿ, ಹಾಡು ದೇವರದು, ಅದಕ್ಕೆ ಬೆಲೆ ಕಟ್ಟಬಾರದು ಎಂದು ಉಪದೇಶಿಸುವವನು ಸಾಮಾನ್ಯವಾಗಿ ಉಂಡು ಕುಳಿತವನೇ ಆಗಿರುವನು. ತನ್ನ ಹೆಸರನ್ನು ಬಿಟ್ಟುಕೊಡುವುದು ಭೀಮವ್ವನವರ ವೈರಾಗ್ಯ. ಆ ವೈರಾಗ್ಯವನ್ನು ತೋರಿಸಿ ಇನ್ನೊಬ್ಬರ ಕೂಲಿಯನ್ನು ಉಳಿಸಿಕೊಳ್ಳುವುದು ಕೇಳುವವನ ಲೋಭ. ಎರಡಕ್ಕೂ ಒಂದೇ ಶಾಸ್ತ್ರವಾಕ್ಯವನ್ನು ಹಚ್ಚುವುದು ಹೇಗೆ? ಅಮೆರಿಕದ ಗಾಯಕನಿಗೆ ದೊರೆತುದು ಅತಿಯಾಯಿತೆನ್ನುವ ಬಾಯಿ, ಇಲ್ಲಿಯವರಿಗೆ ಏನೂ ದೊರೆಯದುದನ್ನು ಅತಿಯೆನ್ನುವುದಿಲ್ಲ.

ಮೈಲಾರದ ಗೊರವಯ್ಯನು ಡಮರುಗ ನುಡಿಸುತ್ತ ಬಾಗಿಲಿಗೆ ಬಂದಾಗ, ಒಳಗೆ ಅಂಗೈಯ ಯಂತ್ರದಲ್ಲಿ ಅಂತಹುದೇ ಪದವನ್ನು ಕೇಳುತ್ತ ಕುಳಿತ ಗೃಹಸ್ಥನು ತಲೆಯೆತ್ತದೆಯೇ, "ಮುಂದಕ್ಕೆ ಹೋಗಪ್ಪ" ಎನ್ನುವುದುಂಟು.