ದಾನವೋ, ಋಣವೋ?

ಮಗುವಿನ ಕೈಯಲ್ಲಿರುವ ಚಾಕಲೇಟಿನ ಬೆಲೆಯನ್ನು ಅಂಗಡಿಯವನು ಹೇಳುವನು; ಅದರ ಕೋಕೋ ಬೆಳೆದವನಿಗೆ ಸಂದುದೆಷ್ಟೆಂಬುದನ್ನು ಹೇಳುವವರಾರು? ಇಂಗ್ಲೆಂಡಿನ ಗಾರ್‌ಸ್ಟಾಂಗ್ ಎಂಬ ಸಣ್ಣ ಪಟ್ಟಣವು 2000ರಲ್ಲಿ, ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಲ್ಲಿಸುವ ಜಗತ್ತಿನ ಮೊದಲ ಊರು ತಾನೆಂದು ಸಾರಿ, ಘಾನಾ ದೇಶದ ಕೋಕೋ ಬೆಳೆಯುವ ಊರೊಂದರೊಡನೆ ನಂಟನ್ನು ಬೆಳೆಸಿತು. ಶಾಲೆಯ ಮಕ್ಕಳಿಗೆ ಇದನ್ನು ಬೋಧಿಸುವುದು ಉಚಿತವೇ ಸರಿ. ಆದರೆ ದೂರದ ರೈತನು ಅವರ ಕಣ್ಣಿಗೆ ಕೇವಲ ಕರುಣಾಪಾತ್ರನಾಗಿ ಕಾಣಬಾರದು. ಘಾನಾದಲ್ಲಿ 1993ರಲ್ಲಿ ಹುಟ್ಟಿದ ಕುವಾಪಾ ಕೋಕೂ ಎಂಬ ರೈತರ ಸಹಕಾರ ಸಂಘವು, ಬ್ರಿಟನ್ನಿನಲ್ಲಿ 1998ರಲ್ಲಿ ಸ್ಥಾಪಿತವಾದ ಚಾಕಲೇಟು ಕಂಪನಿಯೊಂದರಲ್ಲಿ ಪಾಲನ್ನೇ ಪಡೆಯಿತು. ಆ ರೈತರು ಬಯಸಿದುದು ಭಿಕ್ಷೆಯನ್ನಲ್ಲ, ಕಾಯಕದ ಫಲವನ್ನು. ದುಡಿದವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ದಾನವಲ್ಲ, ಋಣವಿಮೋಚನೆ. ಕೊಟ್ಟೆನೆಂದು ಬೀಗದೆ, ಪಡೆದೆನೆಂದು ಅರಿತು ನಡೆವ ಮಗುವೇ ಲೋಕದ ನಿಜವಾದ ಪ್ರಜೆ.