ಸಾವು ಕಂಡ ಕಾರಿಗೆ ಆಯುಧ ಪೂಜೆ ಮಾಡಬಹುದೇ?

ಪ್ರಶ್ನೆ: ನಾವು ಬೀದರ್‌ನಲ್ಲಿ ಇರೋರು. ನಮ್ಮ ಮನೆಯವರ ಊರು ಔರಾದ ತಾಲೂಕಿನ ಒಂದು ಹಳ್ಳಿ. ಶ್ರಾವಣದಲ್ಲಿ ಊರಲ್ಲಿದ್ದ ನಮ್ಮ ಅತ್ತೆಯವರಿಗೆ ಒಮ್ಮೆಲೇ ಆರಾಮ ತಪ್ಪಿತು. ರಾತ್ರೋರಾತ್ರಿ ಹೋಗಿ ನಮ್ಮ ಕಾರಿನಲ್ಲೇ ಬೀದರ್ ದವಾಖಾನೆಗೆ ಕರಕೊಂಡು ಹೊರಟೆವು. ಸಂತಪುರ ದಾಟಿ ಮಾಂಜ್ರಾ ಸೇತುವೆ ಬರೋದರೊಳಗೆ, ಹಿಂದಿನ ಸೀಟಿನಲ್ಲಿ ನನ್ನ ತೊಡೆ ಮೇಲೆ ತಲೆ ಇಟ್ಟುಕೊಂಡೇ ಹೋಗಿಬಿಟ್ಟರು. ಅದೇ ಕಾರಿನಲ್ಲಿ ತಿರುಗಿ ಊರಿಗೆ ತಂದೆವು.

ದಿನಕರ್ಮ ಎಲ್ಲ ಮುಗಿದ ಮೇಲೆ ಕಾರನ್ನು ವಾಷಿಂಗ್‌ಗೆ ಕೊಟ್ಟೆವು. ಅಲ್ಲಿನ ಹುಡುಗ ಸೀಟು ಬಿಚ್ಚಿ, ಎರಡು ದಿನ ಹಿಡಿದು ಒಳಗೂ ಹೊರಗೂ ತೊಳೆದು ಕೊಟ್ಟ. ಆದರೂ ಭಾಲ್ಕಿಯಲ್ಲಿರುವ ದೊಡ್ಡ ಮಾವನವರು, "ಹೆಣ ಹೊತ್ತ ಗಾಡಿ ಮನಿ ಮುಂದ ನಿಲ್ಲಿಸಬ್ಯಾಡ್ರಿ, ಮಾರಿಬಿಡ್ರಿ. ಇಲ್ಲಂದ್ರ ಶಾಂತಿ ಮಾಡಿಸ್ರಿ. ಈ ಸಲ ಖಂಡೇನವಮಿ ಪೂಜಿಗಂತೂ ಇಡಬ್ಯಾಡ್ರಿ" ಅಂತಾರೆ. ಸಾಲದ ಕಂತು ಇನ್ನೂ ಮೂರು ವರ್ಷ ಇದೆ.

ಇನ್ನೊಂದು ಮಾತು. ಇದನ್ನ ನಮ್ಮ ಮನೆಯವರಿಗೂ ಹೇಳಿಲ್ಲ. ಅತ್ತೆಯವರಿಗೆ ವಾಂತಿ ಆಗ್ತಿತ್ತು. ಸೀಟ್ ಕವರ್ ಹೊಸದು. ಅವರನ್ನು ಕೂಡಿಸೋ ಮೊದಲು ನಾನು ಪ್ಲಾಸ್ಟಿಕ್ ಹಾಳೆ ಹಾಸಿದೆ. ಅತ್ತೆ ನೋಡಿದರು. "ಹಾಸವ್ವ, ಹಾಸು" ಅಂದರು. ಅದೇ ಅವರು ನನ್ನ ಜೊತೆ ಆಡಿದ ಕೊನೆ ಮಾತು. ಈಗ ಕಾರಿನಲ್ಲಿ ಕೂತರೆ ನನಗೆ ವಾಸನೆ ಬರ್ತದೆ. ಬೇರೆ ಯಾರಿಗೂ ಬರೋದಿಲ್ಲ. ವಾಸನೆ ಹೋಗಿಲ್ಲ ಅಂತ ಆ ಹುಡುಗನಿಗೆ ಮಾತಾಡಿದ್ದ ಎರಡು ಸಾವಿರದಲ್ಲಿ ನಾನೇ ಮುನ್ನೂರು ಹಿಡಿದೆ. ಕಾರು ಶುದ್ಧ ಆಗಿದೆಯೋ ಇಲ್ಲವೋ, ದಯವಿಟ್ಟು ತಿಳಿಸಿ.

— ಹೆಸರು ಬೇಡ, ಬೀದರ್

ಉತ್ತರ: ತಾಯಿ, ನೀವು ಕೇಳಿದ್ದು ಒಂದು ಪ್ರಶ್ನೆ. ಆದರೆ ಪತ್ರದಲ್ಲಿ ಮೂರು ಇವೆ. ಒಂದು ಕಾರಿನದು, ಒಂದು ಆ ಹುಡುಗನ ಕೂಲಿಯದು, ಒಂದು ಪ್ಲಾಸ್ಟಿಕ್ ಹಾಳೆಯದು. ಒಂದೊಂದನ್ನೇ ನೋಡೋಣ. ಮೂರಕ್ಕೂ ಒಂದೇ ಶಾಂತಿ ಮಾಡಿಸಿದರೆ ಒಂದೂ ಶಾಂತವಾಗುವುದಿಲ್ಲ.

ಮೊದಲು ಕಾರು. ಸೂತಕ ಎಂಬುದು ಸತ್ತವರ ಬಂಧುಗಳಿಗೆ ಹೇಳಿದ್ದು. ಅದಕ್ಕೆ ದಿನಗಳ ಲೆಕ್ಕವಿದೆ, ಆ ದಿನ ಕಳೆದರೆ ಅದೂ ಮುಗಿಯಿತು. ವಸ್ತುಗಳಿಗೆ ಹೇಳಿದ್ದು ದ್ರವ್ಯಶುದ್ಧಿ, ಅದು ಬೇರೆ ಪ್ರಕರಣ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಎರಡೂ ಬರುತ್ತವೆ. ಆ ಗ್ರಂಥದ ಎಲ್ಲ ಮಾತನ್ನೂ ಇಂದು ನಾವು ತಲೆಯ ಮೇಲೆ ಹೊರಬೇಕಿಲ್ಲ. ಆದರೆ ಹಿರಿಯರು "ಶಾಸ್ತ್ರ" ಎಂದು ಹೆದರಿಸುವಾಗ ಶಾಸ್ತ್ರ ಏನು ಹೇಳಿದೆ ಎಂದು ತಿಳಿದಿರುವುದು ಒಳ್ಳೆಯದು. ಲೋಹಕ್ಕೆ ಬೂದಿ, ಮಣ್ಣು, ನೀರು. ಬಟ್ಟೆ ರಾಶಿಯಾಗಿದ್ದರೆ ನೀರು ಚಿಮುಕಿಸುವುದು, ಸ್ವಲ್ಪ ಇದ್ದರೆ ತೊಳೆಯುವುದು. ಹೀಗೆ ಯಾವ ವಸ್ತುವೋ ಅದಕ್ಕೆ ತಕ್ಕ ಉಪಾಯ ಅಲ್ಲಿದೆ. ಎಷ್ಟು ತೊಳೆಯಬೇಕು ಎಂಬುದಕ್ಕೂ ಉತ್ತರವಿದೆ: ಅಂಟಿದ ಕೊಳೆಯೂ ಅದರ ವಾಸನೆಯೂ ಹೋಗುವವರೆಗೆ. ಅಷ್ಟೇ. ಹೋದ ಮೇಲೆ ಆ ವಸ್ತು ಶುದ್ಧ. ಅದನ್ನು ಮಾರಬೇಕು ಅಂತಾಗಲಿ, ಅದರ ಹೆಸರಿನಲ್ಲಿ ಹೋಮ ಮಾಡಿಸಬೇಕು ಅಂತಾಗಲಿ ಅಲ್ಲಿ ಹೇಳಿಲ್ಲ.

ನಿಮ್ಮದು ಲಿಂಗಾಯತ ಮನೆತನವಾಗಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ 12ನೇ ಶತಮಾನದ ಶರಣರು ಸಾವಿನ ಸೂತಕವೂ ಸೇರಿ ಐದು ಸೂತಕಗಳನ್ನು ಕೈಬಿಟ್ಟರು.

ಭಾಲ್ಕಿ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಹುಡುಗನಿದ್ದಾಗ ಮನೆಗೊಂದೇ ಬಂಡಿ. ಅದರಲ್ಲೇ ಹೊಲಕ್ಕೆ ಗೊಬ್ಬರ ಹೋಗುತ್ತಿತ್ತು, ಅದರಲ್ಲೇ ಜೋಳದ ರಾಶಿ ಮನೆಗೆ ಬರುತ್ತಿತ್ತು. ಮದುಮಗಳು ಅದರಲ್ಲೇ ಬಂದಳು, ಬಾಣಂತಿ ಅದರಲ್ಲೇ ತವರಿಗೆ ಹೋದಳು. ಪರಸ್ಥಳದಲ್ಲಿ ತೀರಿಕೊಂಡವರನ್ನೂ ಅದರಲ್ಲೇ ಊರಿಗೆ ತಂದರು. ಹಳ್ಳದ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ನಿಲ್ಲಿಸುತ್ತಿದ್ದರು. ಖಂಡೇನವಮಿಗೆ ಅದೇ ಬಂಡಿಯ ನೊಗಕ್ಕೆ ವಿಭೂತಿ, ಕುಂಕುಮ. ಬಂಡಿ ಮಾರಿದವರನ್ನು ನಾನು ಕಾಣೆ. ಬಂಡಿಗೆ ಇಲ್ಲದ ಮೈಲಿಗೆ ಕಾರಿಗೆ ಎಲ್ಲಿಂದ ಬಂತು? ಕಾರು ನಮಗೆ ಬರೇ ವಾಹನವಾಗಿ ಉಳಿದಿಲ್ಲ, ಅದು ನಮ್ಮ ಅಂತಸ್ತಿನ ಗುರುತಾಗಿದೆ, ಅದಕ್ಕೇ ಬಂತು. ಹಳೇ ಮನೆಗಳಲ್ಲಿ ಎಷ್ಟು ಮಂದಿ ಅಜ್ಜ ಅಜ್ಜಿಯರು ಪಡಸಾಲೆಯಲ್ಲೇ ಕಣ್ಣು ಮುಚ್ಚಿದ್ದಾರೆ! ಯಾರಾದರೂ ಪಡಸಾಲೆ ಮಾರಿದ್ದಾರೆಯೇ?

ನಮ್ಮ ಬೀದರ್‌ನ ಝರಣಿ ನರಸಿಂಹ ಸ್ವಾಮಿಯ ಗುಹೆಗೆ ನೀವೂ ಹೋಗಿರುತ್ತೀರಿ. ಸುಮಾರು 300 ಮೀಟರ್ ಎದೆಮಟ್ಟದ ನೀರಿನಲ್ಲಿ ನಡೆದೇ ದರ್ಶನ. ಮುಂದೆ ಹೋದವರು ಯಾರು, ಯಾವ ಸೂತಕದವರು, ಯಾವ ರೋಗದವರು ಎಂದು ಆ ನೀರಿನಲ್ಲಿ ಇಳಿಯುವಾಗ ನಾವು ಕೇಳುವುದಿಲ್ಲ. ದೇವರ ಮುಂದೆ ಇಲ್ಲದ ಅನುಮಾನ ಮನೆಯ ಮುಂದೆ ಯಾಕೆ?

ಮಾರುವ ಮಾತಿಗೆ ಬರೋಣ. ಒಂದು ಮಾತನ್ನು ದೊಡ್ಡ ಮಾವನವರ ಮುಂದೆ ಮೆಲ್ಲಗೆ ಇಡಿ: ಕೊಳ್ಳುವವರಿಗೆ ಈ ವಿಷಯ ಹೇಳಿ ಮಾರಬೇಕೋ, ಮುಚ್ಚಿಟ್ಟು ಮಾರಬೇಕೋ? ಹೇಳಿದರೆ ಬೆಲೆ ಬೀಳುತ್ತದೆ, ಅದಕ್ಕೆ ಯಾರೂ ಹೇಳುವುದಿಲ್ಲ. ಮುಚ್ಚಿಟ್ಟರೆ, ನಮಗೆ ಕೆಟ್ಟದ್ದು ಎಂದು ನಾವೇ ನಂಬಿದ್ದನ್ನು ಇನ್ನೊಬ್ಬರ ಮಕ್ಕಳ ಕೆಳಗೆ ಹಾಸಿದ ಹಾಗೆ. ದೋಷ ನಿಜವಾಗಿದ್ದರೆ ಮಾರುವುದು ಪಾಪ, ನಿಜವಲ್ಲದಿದ್ದರೆ ಮಾರುವುದು ಬೇಡ. ಇದಕ್ಕಿಂತ ಹೆಚ್ಚಿನ ತರ್ಕ ಬೇಕಿಲ್ಲ. ಹಾಗಂತ ಹಿರಿಯರ ಜೊತೆ ವಾದಕ್ಕೆ ನಿಲ್ಲಬೇಡಿ. ಅವರಿಗೆ ನಿಮ್ಮ ಮಕ್ಕಳ ಮೇಲಿನ ಕಾಳಜಿ. ನಿಮ್ಮ ಮನೆ ದೇವರ ತೀರ್ಥ ತಂದು ಅವರ ಕೈಯಿಂದಲೇ ಕಾರಿಗೆ ಚಿಮುಕಿಸಿರಿ, ಒಂದು ಕಾಯಿ ಒಡೆಸಿರಿ. ಅವರ ಮನಸ್ಸೂ ಹಗುರಾಗಲಿ. ಸಾವಿರಾರು ರೂಪಾಯಿ ಶಾಂತಿ ಬೇಡ.

ಎರಡನೆಯದು, ಹುಡುಗನ ಮುನ್ನೂರು ರೂಪಾಯಿ. ಇದನ್ನು ನೀವು ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ.

ಅವನು ಏನು ಮಾಡಿದ ಯೋಚಿಸಿ. ಸೀಟಿನ ಬೋಲ್ಟ್ ಬಿಚ್ಚಿದ. ಸ್ಪಂಜಿನೊಳಗೆ ಇಳಿದದ್ದನ್ನು ತಣ್ಣೀರು ಹಾಕಿ, ಬ್ರಷ್ ಹಾಕಿ, ಹೀರಿ ಹೀರಿ ತೆಗೆದ. ಸೀಟ್ ಬೆಲ್ಟಿನ ಪಟ್ಟಿ, ಎ.ಸಿ. ಕಿಂಡಿ, ಬಾಗಿಲಿನ ಸಂದಿ, ಡಿಕ್ಕಿಯ ತಳ, ಎಲ್ಲ ಕಡೆ ಕೈ ಹಾಕಿದ. ಚಕ್ರದ ಮೇಲಿನ ಕಮಾನಿನಿಂದ ಔರಾದದ ಕರಿಮಣ್ಣು ಕಿತ್ತು ತೆಗೆದ. ಒಣಗಿದರೆ ಅದು ಕಲ್ಲಿನ ಹಾಗೆ ಎಂದು ಆ ಕಡೆ ಓಡಾಡುವ ನಿಮಗೆ ಗೊತ್ತು. ಸ್ವಂತ ಮಗನಿಗೂ ಸೊಸೆಗೂ ಕೈ ಹಾಕಲು ಆಗದ ಕಡೆ, ಸತ್ತವರ ಮುಖವನ್ನೂ ಕಾಣದ ಅವನು ಕೈ ಹಾಕಿದ. ಶುದ್ಧಿಯ ಕೆಲಸ ಎಂದರೆ ಅದೇ. ಶಾಂತಿ ಮಾಡಿಸುವ ಪುರೋಹಿತರಿಗಾಗಿದ್ದರೆ ದಕ್ಷಿಣೆಯಲ್ಲಿ ಮುನ್ನೂರು ಹಿಡಿಯುತ್ತಿದ್ದಿರಾ?

ಅದೇ 5ನೇ ಅಧ್ಯಾಯ ಇನ್ನೊಂದು ಮಾತು ಹೇಳುತ್ತದೆ: ಎಲ್ಲ ಶುದ್ಧಿಗಳಲ್ಲಿ ಹಣದ ಶುದ್ಧಿಯೇ ದೊಡ್ಡದು, ಅದು ಇದ್ದವನೇ ಶುದ್ಧ, ಮಣ್ಣು ನೀರಿನಿಂದ ತೊಳೆದುಕೊಂಡವನಲ್ಲ. ಬೇರೆ ಯಾರಿಗೂ ಬಾರದ ವಾಸನೆಗೆ ಅವನ ಕೂಲಿ ಹಿಡಿದಿರಿ. ನಾಳೆಯೇ ಹೋಗಿ ಕೊಟ್ಟು ಬನ್ನಿ. "ತಪ್ಪಾಯ್ತಪ್ಪ, ನಿನ್ನ ಕೆಲಸ ಚಲೋ ಇತ್ತು" ಎಂದು ಬಾಯಿ ಬಿಟ್ಟು ಹೇಳಿ. ಕೊಡುವವರೆಗೆ ಆ ಕಾರಿಗೆ ಹೂವು ಏರಿಸಬೇಡಿ. ನಿಮ್ಮ ಕಾರಿಗೆ ಮೈಲಿಗೆ ಏನಾದರೂ ಉಳಿದಿದ್ದರೆ ಅದು ಆ ಮುನ್ನೂರು ರೂಪಾಯಿಯದು.

ಮೂರನೆಯದು, ನಿಮಗೆ ಮಾತ್ರ ಬರುವ ವಾಸನೆ. ಮೊದಲು ಸೀದಾ ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ತೊಳೆದ ಸ್ಪಂಜಿನಲ್ಲಿ ಪಸೆ ಉಳಿದರೆ ನಿಜವಾಗಿಯೂ ವಾಸನೆ ಬರುತ್ತದೆ. ಬಿಸಿಲು ಬಿದ್ದ ಎರಡು ದಿನ ನಾಲ್ಕೂ ಬಾಗಿಲು ತೆರೆದಿಡಿ. ಸೀಟಿನ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮಿನಿಂದ ತೆಗೆಯಿರಿ. ಎ.ಸಿ.ಯ ಫಿಲ್ಟರ್ ಬದಲಿಸಿ. ಇಷ್ಟಾದ ಮೇಲೂ ನಿಮಗೊಬ್ಬರಿಗೇ ಬಂದರೆ ಅದು ಸೀಟಿನಲ್ಲಿ ಇಲ್ಲ.

ಹಾಳೆ ಹಾಸಿದ್ದು ತಪ್ಪೇ? ಹಾಸಿದ್ದೇ ತಪ್ಪಲ್ಲ. ದವಾಖಾನೆಯ ಮಂಚದ ಮೇಲೂ ಹಾಸುತ್ತಾರೆ. ವಾಂತಿ ಮಾಡುವವರಿಗೆ "ಎಲ್ಲಿ ಹೊಲಸಾಗ್ತದೋ" ಎಂಬ ಸಂಕೋಚ ಇರುತ್ತದೆ, ಹಾಳೆ ಇದ್ದರೆ ಆ ಸಂಕೋಚ ಕಡಿಮೆ. ಆದರೆ ನೀವು ಹಾಸಿದ್ದು ಅವರ ಸಲುವಾಗಿಯೋ, ಸೀಟ್ ಕವರಿನ ಸಲುವಾಗಿಯೋ ಎಂಬುದು ನಿಮಗೆ ಗೊತ್ತು. ಗೊತ್ತಿರುವುದರಿಂದಲೇ ಪತ್ರ ಬರೆದಿದ್ದೀರಿ. "ಇಲ್ಲವ್ವ, ನೀವು ಏನೂ ತಪ್ಪು ಮಾಡಿಲ್ಲ" ಎಂದು ನಾನು ಬರೆದರೆ ನೀವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆ ಒಂದು ಗಳಿಗೆ ಸೀಟು ನಿಮಗೆ ಮುಂದಾಯಿತು. ಅಷ್ಟು ಒಪ್ಪಿಕೊಳ್ಳಿ. ಅದಕ್ಕಿಂತ ಹೆಚ್ಚು ಹೊರಬೇಡಿ. ಹಾಳೆಯಿಂದ ಅವರ ಜೀವ ಹೋಗಲಿಲ್ಲ. ಹಾಳೆ ಹಾಸಿದ ಕೈಯೇ ಆಮೇಲೆ ಅವರ ತಲೆ ಹಿಡಿದಿತ್ತು, ಹಾಳೆ ಹಾಸಿದವಳ ತೊಡೆಯ ಮೇಲೆಯೇ ಅವರು ಹೋದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸುಳ್ಳು.

"ಹಾಸವ್ವ, ಹಾಸು" ಎಂದದ್ದು ನೊಂದ ಮಾತೋ, "ನನ್ನಿಂದ ನಿನಗೆ ತ್ರಾಸ ಆಗಬಾರದು" ಎಂಬ ಮಾತೋ, ನಾನು ಹೇಳಲಾರೆ. ಮಕ್ಕಳಿಗೆ ಭಾರವಾಗಬಾರದು ಎಂದು ತಾನೇ ಗೋಣಿತಾಟು ಹಾಸಿಕೊಂಡು ಕೂಡುವ ಹೆಂಗಸರನ್ನು ನಮ್ಮ ಹಳ್ಳಿಗಳಲ್ಲಿ ಬಹಳ ಕಂಡಿದ್ದೇನೆ. ಆ ರಾತ್ರಿ ಅವರ ಮುಖ ಕಂಡವರು ನೀವೊಬ್ಬರೇ. ನಿಮ್ಮ ಮನೆಯವರ ಜೊತೆ ಕೂತು ಆ ಮಾತನ್ನು ಹೇಳಿ. ಅವರು ಆ ತಾಯಿಯ ಮಗ, ನನಗಿಂತ ಚೆನ್ನಾಗಿ ಅರ್ಥ ಹೇಳಬಲ್ಲರು. ಪ್ರಾಯಶ್ಚಿತ್ತದ ಕ್ರಮದಲ್ಲೂ ಮೊದಲನೆಯದು ತಪ್ಪನ್ನು ಹೇಳಿಕೊಳ್ಳುವುದು, ಆಮೇಲೆ ಪಶ್ಚಾತ್ತಾಪ, ತಪಸ್ಸು, ಅಧ್ಯಯನ. ಅದು ಆಗದಿದ್ದಾಗ ದಾನ. ಈಗ ನಾವು ಹೇಳಿಕೊಳ್ಳುವುದನ್ನು ಬಿಟ್ಟು ನೇರ ದಾನಕ್ಕೆ, ಶಾಂತಿಗೆ ಹೋಗುತ್ತೇವೆ. ದುಡ್ಡು ಕೊಡುವುದು ಸುಲಭ, ಬಾಯಿ ಬಿಡುವುದು ಕಷ್ಟ.

"ಹಾಗಾದರೆ ಮನಸ್ಸು ತೊಳೆದರೆ ಸಾಕು, ಕಾರು ಯಾಕೆ ತೊಳೆಯಬೇಕು?" ಎಂದು ಕೆಲವರು ಕೇಳುತ್ತಾರೆ. ಅದೂ ಸರಿಯಲ್ಲ. ಮನಸ್ಸಿಗೆ ಕೈಯೇ ಪಾಠ ಹೇಳಬೇಕು. ಖಂಡೇನವಮಿಯ ಹಿಂದಿನ ದಿನ ಈ ಸಲ ಕಾರನ್ನು ಯಾರಿಗೂ ಕೊಡಬೇಡಿ, ಗಂಡ ಹೆಂಡತಿ ಇಬ್ಬರೂ ಕೂಡಿ ತೊಳೆಯಿರಿ. ಮೊದಲು ಒಳಗೆ, ಆಮೇಲೆ ಹೊರಗೆ. ಯಾವಾಗಲೂ ಮೇಲಿಂದ ಕೆಳಗೆ. ನೆರಳಲ್ಲಿ ನಿಲ್ಲಿಸಿ. ಎರಡು ಬಕೆಟ್ ಇರಲಿ: ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ಅರಿವೆ ಜಾಲಿಸುವ ನೀರು. ಹಾಗೆ ಮಾಡಿದರೆ ಮಣ್ಣಿನ ಕಣ ಬಣ್ಣಕ್ಕೆ ಗೀರು ಹಾಕುವುದಿಲ್ಲ. ಬಟ್ಟೆ ಸೋಪಿನ ಪುಡಿ ಬೇಡ, ಹೊಳಪು ಹೋಗುತ್ತದೆ. ಪೈಪು ಹಚ್ಚಿ ನೀರು ಬಿಡಬೇಡಿ. 2016ರಲ್ಲಿ ನಮ್ಮ ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದು ನೆನಪಿರಲಿ. ನಾಲ್ಕು ಬಕೆಟ್ಟಿನಲ್ಲಿ ಕಾರು ಶುದ್ಧವಾಗುತ್ತದೆ. ಆಗದಿದ್ದರೆ ನಾನೂರು ಬಕೆಟ್ಟಿಗೂ ಆಗುವುದಿಲ್ಲ.

ಪೂಜೆಯ ದಿನ ಆಡಂಬರ ಬೇಡ. ಹಿರಿಯರು ಹೋದ ವರ್ಷ ಹಬ್ಬ ಮಾಡದ ಪದ್ಧತಿ ನಿಮ್ಮ ಮನೆತನದಲ್ಲಿ ಇದ್ದರೆ ಅದನ್ನು ಮುರಿಯಬೇಡಿ, ಎರಡು ಊದುಬತ್ತಿ ಹಚ್ಚಿ ಕೈ ಮುಗಿದರೂ ಪೂಜೆಯೇ. ಪದ್ಧತಿ ಇಲ್ಲದಿದ್ದರೆ ಹೂವು, ಕಾಯಿ ಸಾಕು. ಕರ್ಪೂರದ ಆರತಿ ದೂರದಿಂದ ಎತ್ತಿ, ಕಾರಿನ ಮೇಲೆ ಇಡಬೇಡಿ. ನಿಂಬೆಯ ರಸ, ಅರಿಶಿನ, ಕುಂಕುಮ ಬಣ್ಣವನ್ನು ತಿನ್ನುತ್ತವೆ, ಕಲೆ ಮಾಡುತ್ತವೆ. ಸಂಜೆಯೊಳಗೆ ಒದ್ದೆ ಅರಿವೆಯಿಂದ ಒರೆಸಿ. ಮುಂದಿನ ಗಾಜಿನ ಮೇಲೆ ಕುಂಕುಮ ಬಳಿಯಬೇಡಿ. ಏರ್‌ಬ್ಯಾಗ್ ಇರುವ ಕಡೆ ಡ್ಯಾಶ್‌ಬೋರ್ಡಿನ ಮೇಲೆ ಮೂರ್ತಿ ಅಂಟಿಸಬೇಡಿ. ಅಪಘಾತದಲ್ಲಿ ಅದೇ ಹಾರಿ ಬಂದು ಮೈಗೆ ಬಡಿದೀತು.

ಕೊನೆಗೆ ಒಂದು ವ್ರತ ಹೇಳುತ್ತೇನೆ. ಇದು ಯಾವ ಗ್ರಂಥದಲ್ಲೂ ಇಲ್ಲ, ನನ್ನ ಮಾತು. ಆ ಹಿಂದಿನ ಸೀಟಿನಲ್ಲಿ ಕೂಡಲು ನಿಮಗೆ ಆಗುತ್ತಿಲ್ಲ. ಅದನ್ನು ಖಾಲಿ ಬಿಡಬೇಡಿ. ಊರಿಗೆ ಹೋದಾಗ ಔರಾದದಿಂದ ಬೀದರ್‌ಗೆ ದವಾಖಾನೆಗೆ ಬರಬೇಕಾದ ಮುದುಕರು, ಬಸುರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಸುಮಾರು 40 ಕಿಲೋಮೀಟರ್ ದಾರಿ. ರಾತ್ರಿ ಹೊತ್ತು ಗಾಡಿ ಸಿಗದೆ ಪರದಾಡುವವರು ಎಷ್ಟು ಮಂದಿ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರನ್ನು ಆ ಸೀಟಿನಲ್ಲಿ ಕೂಡಿಸಿಕೊಂಡು ಬನ್ನಿ. ವಾಂತಿ ಆಗುವ ಹಾಗಿದ್ದರೆ ಹಾಳೆಯನ್ನೂ ಹಾಸಿ. ಈ ಸಲ ಹಾಸುವಾಗ ಅವರ ಮುಖ ನೋಡಿ, "ಆರಾಮ ಕೂಡ್ರಿ ಅವ್ವ, ಏನಾದ್ರೂ ಆಗಲಿ ತೊಳೀತೀವಿ" ಅಂತ ಹೇಳಿ. ಆ ರಾತ್ರಿ ಹೇಳದೆ ಉಳಿದದ್ದು ಅದೊಂದೇ ಮಾತು.

ಅತ್ತೆಯವರಿಗೆ ಸದ್ಗತಿ ಸಿಗಲಿ. ನಿಮ್ಮ ಕಾರು ಶುದ್ಧವಾಗಿದೆ, ತಾಯಿ. ಮುನ್ನೂರು ರೂಪಾಯಿ ಕೊಟ್ಟು ಬಂದು ಪೂಜೆ ಮಾಡಿರಿ. ಶುಭವಾಗಲಿ.